ಸಾಸ್ ಮಾಡಿದ ಶನಿವಾರ

ಗ್ರಿಫಿತ್, ನ್ಯೂ ಸೌತ್ ವೇಲ್ಸ್
ಫೆಬ್ರವರಿ ೧೯, ಬುಧವಾರ

ಮುದ್ದಿನ ಮೊಮ್ಮಗ ಎಲಿಯೋಗೆ,

ನಿನ್ನ ನೋನ್ನಾ ಮಾಡುವ ಆಶೀರ್ವಾದಗಳು. ಹಲ್ಲುನೋವು ಹೇಗಿದೆ? ಮೆಲ್ಬರ್ನಿನಲ್ಲಿ ಆ ಹುಡುಗರ ಜೊತೆ ಬರಿ ನೆಲದ ಮೇಲೆ ಮಲಗುತ್ತೀಯಂತೆ. ಬೆನ್ನು ಹಿಡಿದುಕೊಂಡೀತು, ಏನಾದರೂ ದಪ್ಪಗೆ ಹಾಸಿಕೋ. ನನ್ನ ಮಂಡಿ ಎಂದಿನಂತೆ ಕಾಟ ಕೊಡುತ್ತಿದೆ. ನಿನ್ನಪ್ಪ ಭಾನುವಾರದಿಂದ ಯಾರೊಡನೆಯೂ ಮಾತಾಡಿಲ್ಲ. ಇದನ್ನೆಲ್ಲ ಮೊದಲೇ ಬರೆದುಬಿಟ್ಟೆ, ಏಕೆಂದರೆ ಮುಂದೆ ಬರೆಯುವುದರಲ್ಲಿ ಅಕ್ಕರೆಯ ಮಾತು ಕಡಿಮೆ.

ಈ ಸಲ ಟೊಮೆಟೊ ಚೆನ್ನಾಗಿ ಬಂದಿತ್ತು. ಶನಿವಾರ ಬೆಳಿಗ್ಗೆ ಆರಕ್ಕೇ ವರ್ಷಕ್ಕಾಗುವಷ್ಟು ಸಾಸ್ ಮಾಡಲು ಎಲ್ಲರೂ ಗ್ಯಾರೇಜಿನಲ್ಲಿ ಸೇರಿದೆವು. ನಿನ್ನತ್ತೆ ತೊಳೆಯಲು, ನಿನ್ನಪ್ಪ ಒಲೆಗೆ, ನಾನು ಬಾಟಲಿಗೆ ಕಾಮಕಸ್ತೂರಿ ಎಲೆ ಹಾಕಲು. ಟೊಮೆಟೊ ಹಿಂಡುವ ಯಂತ್ರದ ಹಿಡಿ ತಿರುಗಿಸುವುದು ಹದಿನಾಲ್ಕನೇ ವಯಸ್ಸಿನಿಂದ ನಿನ್ನ ಕೆಲಸ. ಸಾಸ್ ದಿನ ನಮ್ಮವರಲ್ಲಿ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಹೆರಿಗೆ ನೋವು ಬಂದರೂ ಕೊನೆಯ ಬಾಟಲಿ ಮುಚ್ಚಿಯೇ ಹೋಗುತ್ತಾರೆ ಎಂದು ಊರೇ ನಗುತ್ತದೆ. ಅದಕ್ಕೇ ಅಲ್ಲವೇ ನೀನು ಭಾನುವಾರ ಫೋನಿನಲ್ಲಿ ಹಾಗೆ ಹೇಳಿದ್ದು? "ನೋನ್ನಾ, ಪೊಲೀಸ್ನೋರು ಬಂದ್ರೆ ಶನಿವಾರ ಪೂರ್ತಿ ನಾನು ನಿನ್ ಜೊತೇನೇ ಇದ್ದೆ, ಹಿಡಿ ತಿರುಗಿಸ್ತಿದ್ದೆ ಅನ್ನು. ಅಷ್ಟು ಸಾಕು." ಆಮೇಲೆ ನಾಲ್ಕು ಬಾಟಲಿ ಕಳಿಸು ಎಂದೂ ಕೇಳಿದೆ, ನಾಚಿಕೆಯಿಲ್ಲದೆ.

ಅದೇ ಶನಿವಾರ ಸಂಜೆ ಐದಕ್ಕೆ ಕಪ್ಪು ಅಂಗಿ ತೊಟ್ಟು ಮುಖ ಮುಚ್ಚಿಕೊಂಡ ಮೂವರು ನಮ್ಮ ಎದುರಿನ ಪಂಜಾಬಿ ದಿನಸಿ ಅಂಗಡಿಯ ಗಾಜು ಒಡೆದರು. "ನಿಮ್ ದೇಶಕ್ಕೆ ತೊಲಗ್ರೋ" ಎಂದು ಕಿರುಚಿದ್ದು ನನಗೂ ಕೇಳಿಸಿತು. ಗಾಜಿನ ಚೂರು ಅಂಗಡಿಯ ಯಜಮಾನ ಮೊಹಿಂದರನ ಎಡಗಣ್ಣಿಗೆ ಹೊಕ್ಕಿತು. ಸೋಮವಾರ ಆಸ್ಪತ್ರೆಯಲ್ಲಿ ಆ ಕಣ್ಣನ್ನೇ ತೆಗೆದರು. ನೋಡಲು ಹೋದಾಗ ಅವನ ಹೆಂಡತಿ ಸುರ್ಜಿತ್ ನನ್ನ ಕೈ ಹಿಡಿದು, "ಅಕ್ಕ, ಅವ್ರಲ್ಲಿ ಒಬ್ಬನ ನಡಿಗೆ ನಂಗೆ ಗುರ್ತು ಸಿಕ್ತು" ಎಂದಳು. ಹೆಸರು ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ನಿನ್ನೆ ಮಧ್ಯಾಹ್ನ ನಿಮ್ಮ ಪಡೆಯ ನಾಯಕ ವಾರೆನ್ ಬಂದಿದ್ದ, ನಾನು ಸುಳ್ಳಿನ ಪಾಠ ಸರಿಯಾಗಿ ಒಪ್ಪಿಸುತ್ತೇನೋ ಎಂದು ನೋಡಲು. ಸಾಸ್ ಕಳಿಸಲಿ ಎಂದು ನಿನ್ನ ವಿಳಾಸದ ಚೀಟಿಯನ್ನೂ ಕೊಟ್ಟ. ಊಟಕ್ಕೆ ಕೂತವನು ಬೇರೆ ಬೇರೆ ಜನ ಒಂದೇ ನೆಲದಲ್ಲಿ ಬಾಳಲಾಗದು ಎಂದು ಭಾಷಣ ಹಚ್ಚಿದ. "ಇಟಲಿಯಿಂದ ಬಂದಾಗ ನಮ್ಮನ್ನೂ ಹಂಗೇ ಅಂದಿದ್ರಲ್ಲಪ್ಪ" ಎಂದೆ. "ಅಯ್ಯೋ ಅಜ್ಜಿ, ನಿಮ್ಮೋರ ಮಾತೇ ಬೇರೆ. ನೀವು ಹೊಂದ್ಕೊಂಡ್ರಿ, ಅವ್ರು ಹೊಂದ್ಕೊಳಲ್ಲ" ಎಂದ, ಬಾಯಿ ತುಂಬ ನನ್ನ ಪಾಸ್ತಾ ಇಟ್ಟುಕೊಂಡು. ಇಲ್ಲಿನ ಶಾಲೆಯಲ್ಲಿ ನನ್ನ ಬುತ್ತಿ ನೋಡಿ ಮೂಗು ಮುಚ್ಚಿಕೊಂಡವರ ಮಕ್ಕಳು ಇವತ್ತು ಅದನ್ನೇ ದೊಡ್ಡ ಹೋಟೆಲಿನಲ್ಲಿ ಸಾಲು ನಿಂತು ತಿನ್ನುತ್ತಾರೆ. ಹೊಂದಿಕೊಂಡವರು ಯಾರು, ನೀನೇ ಹೇಳು.

ಅವನು ಬಾಗಿಲಿಗೆ ಬಂದಾಗಲೇ ಆ ಕಪ್ಪು ಅಂಗಿ ನೋಡಿ ನನಗೆ ನನ್ನಪ್ಪ ಕಣ್ಣಮುಂದೆ ಬಂದಿದ್ದ. ಕಲಾಬ್ರಿಯಾದ ನಮ್ಮ ಹಳ್ಳಿಯ ಚೌಕದಲ್ಲಿ ಅಂದಿನ ಫ್ಯಾಸಿಸ್ಟ್ ಪಡೆಯ ಕಪ್ಪಂಗಿಯವರು ಅಪ್ಪನ ಕೈ ಕಟ್ಟಿ, ಒಂದು ಸೀಸೆ ಹರಳೆಣ್ಣೆ ಕುಡಿಸಿದ್ದರು, ಊರೆಲ್ಲ ನೋಡಿ ನಗಲಿ ಎಂದು. ಸಾಯುವವರೆಗೂ ಆ ಮಾತು ಬಂದರೆ ಅಪ್ಪ ನೆಲ ನೋಡುತ್ತಿದ್ದ. ಅದಕ್ಕೇ ವಾರೆನ್ ತಟ್ಟೆಯ ಸಾಸಿಗೆ ಮೆಣಸಿನಕಾಯಿ ಜಾಸ್ತಿ ಹಾಕಿ, ಜೊತೆಗೆ ಅರ್ಧ ಲೋಟ ಹರಳೆಣ್ಣೆ ಕಲಸಿದ್ದೆ. ಎರಡನೇ ಸಲವೂ ಹಾಕಿಸಿಕೊಂಡ. ಎಣ್ಣೆ ಕೆಲಸ ಮಾಡಲಿ ಎಂದು ಮೂರು ಗಂಟೆ ಅವನ ಭಾಷಣಕ್ಕೆ ತಲೆದೂಗಿದೆ. ಕೊನೆಗೆ ಎದ್ದು ಓಡಿ ಟಾಯ್ಲೆಟ್ ಬಾಗಿಲು ಬಡಿಯತೊಡಗಿದ. ಬೀಗದ ಕೈ ನನ್ನ ಏಪ್ರನ್ ಜೇಬಿನಲ್ಲಿತ್ತು. ಪಾಪ ಎನಿಸಲಿಲ್ಲವೇ ಎಂದು ಕೇಳಬೇಡ. ಹೊಟ್ಟೆ ತಣ್ಣಗಾಯಿತು.

ನಿನ್ನ ವಿಷಯ ಹರಳೆಣ್ಣೆಯಲ್ಲಿ ಮುಗಿಯುವಂಥದ್ದಲ್ಲ. ಸಾಸ್ ದಿನ ಗ್ಯಾರೇಜಿನಲ್ಲಿ ಮನೆಯವರು ಮಾತ್ರ ಇರುತ್ತಾರೆ ಎಂದುಕೊಂಡೆಯಲ್ಲ, ಅಲ್ಲೇ ನೀನು ಎಡವಿದ್ದು. ಹತ್ತು ಗಂಟೆಯಾದರೂ ನಿನ್ನ ಸುಳಿವಿಲ್ಲ. ನಮ್ಮ ಪರದಾಟ ಕಂಡು ಮೊಹಿಂದರ್ ಅಂಗಡಿಯನ್ನು ಹೆಂಡತಿಗೆ ಬಿಟ್ಟು ರಸ್ತೆ ದಾಟಿ ಬಂದ. "ಹುಡ್ಗ ಬರೋವರ್ಗೂ ನಾನು ತಿರುಗಿಸ್ತೀನಿ ಬಿಡಿ ಅಕ್ಕ" ಎಂದು ತೋಳು ಮಡಚಿ ನಿನ್ನ ಸ್ಟೂಲಿನ ಮೇಲೆ ಕೂತ. ನಾಲ್ಕೂವರೆಯವರೆಗೂ ತಿರುಗಿಸಿದ. "ಇದು ಎಲಿಯೋಗೆ" ಎಂದು ನಾಲ್ಕು ಬಾಟಲಿ ಎತ್ತಿಟ್ಟವನೂ ಅವನೇ. ನೀವು ಗಾಜು ಒಡೆಯುವಾಗ ಅವನ ಗಡ್ಡದಲ್ಲಿ ಟೊಮೆಟೊ ಬೀಜ ಇನ್ನೂ ಅಂಟಿಕೊಂಡಿತ್ತು. ಆ ಸ್ಟೂಲಿನ ಮೇಲೆ ಇದ್ದದ್ದು ನೀನು ಎಂದು ಯಾವ ಬಾಯಿಂದ ಹೇಳಲಿ?

ದೇವಮಾತೆ ನಿನ್ನನ್ನು ಕಾಯಲಿ, ಕಾಯುವಾಗ ಕಿವಿಯನ್ನೂ ಚೆನ್ನಾಗಿ ಹಿಂಡಲಿ.

ನಿನ್ನ ನೋನ್ನಾ,
ಅಸುಂತಾ

ತಾ.ಕ.: ಲಕೋಟೆಯ ಮೇಲೆ ನಿನ್ನ ವಿಳಾಸ ಬರೆದು ಮುಗಿಸುವಷ್ಟರಲ್ಲಿ ಪೊಲೀಸರು ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಸಹಿ ಹಾಕಿದೆ. "ಅವ್ನು ಈಗ ಎಲ್ಲಿದಾನೆ ಅಂತ ಗೊತ್ತಾಮ್ಮ?" ಎಂದು ಅವರಲ್ಲಿದ್ದ ಹೆಣ್ಣುಮಗಳು ಕೇಳಿದಳು. ಈ ಲಕೋಟೆಯನ್ನೇ ಅವಳ ಕಡೆ ತಿರುಗಿಸಿಟ್ಟೆ. ಅವರು ಹೋದ ಮೇಲೆ ಬಾಟಲಿ ನಾಲ್ಕನ್ನೂ ಸುರ್ಜಿತ್‌ಗೆ ಕೊಟ್ಟು ಬಂದು, ಲಕೋಟೆಯ ಮೇಲಿನ ವಿಳಾಸ ಹೊಡೆದುಹಾಕಿದೆ. ನಿನ್ನ ಹೊಸ ವಿಳಾಸವನ್ನು ಆ ಪೊಲೀಸ್ ಹೆಣ್ಣುಮಗಳೇ ತಿಳಿಸುತ್ತಾಳಂತೆ. ಬಂದ ಕೂಡಲೇ ಅಂಚೆಗೆ ಹಾಕುತ್ತೇನೆ.