ಹೆರಳು ಸಣ್ಣದಾದ ಕಾರಣ

ಪರೇಲ್, ಮುಂಬಯಿ
೧೪ ಸೆಪ್ಟೆಂಬರ್ ೨೦೨೪

ನನ್ನ ಅವ್ವಗೆ,

ದೂರದಿಂದಲೇ ನಿನ್ನ ಕಾಲು ಮುಟ್ಟಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ. ಕೂಗಿ ಹೇಳಿದರೆ ನಮ್ಮ ಚಾಳಿನ ಮನೆಗಳಿಗೆಲ್ಲ ಕೇಳಿಸುತ್ತದೆ, ಇದು ಕೂಗಿ ಹೇಳುವಂಥ ಮಾತೂ ಅಲ್ಲ. ನೀನೇ ಓದಿಕೋ. ಅನಿಲಣ್ಣನ ಕೈಗೆ ಕೊಡಬೇಡ.

ನಿನ್ನ ಮೊಮ್ಮಗಳು ವಿಜೇತಾಳ ಹುಟ್ಟುಹಬ್ಬದ ಫೋಟೋದಲ್ಲಿ ನನ್ನನ್ನು ನೋಡಿ, "ಇಕಿ ಹೆರಳು ಎಲ್ಲಿ ಹೋತೋ?" ಅಂತ ಅಣ್ಣನನ್ನು ಕೇಳಿದೆಯಂತೆ. ಉದುರಿಹೋಯಿತು, ಅವ್ವ. ಬಾಚಿದರೆ ಮುಷ್ಟಿ ತುಂಬ ಬರುತ್ತಿತ್ತು. ಮುಂಬಯಿ ನೀರೇ ಹಾಗೆ ಅಂದರು ಎಲ್ಲರೂ. ಎಣ್ಣೆ ಬದಲಿಸಿದೆ, ಮೆಂತ್ಯ ಅರೆದು ಹಚ್ಚಿಕೊಂಡೆ. ಬೈತಲೆ ಅಗಲವಾಗಿ ನೆತ್ತಿ ಕಾಣತೊಡಗಿ, ಹೊರಗೆ ಹೋಗುವಾಗ ತಲೆಯ ಮೇಲೆ ಸೆರಗು ಹೊದೆಯತೊಡಗಿದಾಗ ಇವರು ಬಾಂದ್ರಾದಲ್ಲಿರುವ ಚರ್ಮದ ಡಾಕ್ಟರ್ ಬಾಯಿಯವರ ಹತ್ತಿರ ಕರೆದುಕೊಂಡು ಹೋದರು.

ಆಕೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಮುಟ್ಟು ಹೇಗೆ ಬರುತ್ತದೆ ಎಂದು ಕೇಳಿದರು. ಕೂದಲಿಗೂ ಅದಕ್ಕೂ ಏನು ಸಂಬಂಧ? ಪಕ್ಕದಲ್ಲಿ ಇವರು ಬೇರೆ. ಡಾಕ್ಟರ್ ಮತ್ತೆ ಮತ್ತೆ ಕೇಳಿದ ಮೇಲೆ ನಾಚಿಕೆ ಬಿಟ್ಟು ಹೇಳಿದೆ. ಹಾಸಿಗೆಯ ಮೇಲೆ ಟವೆಲ್ ಮಡಚಿ ಹಾಕಿಕೊಂಡು ಮಲಗುವುದು, ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕರೂ ಕೂರಲು ಹೆದರುವುದು, ಆ ದಿನಗಳಲ್ಲಿ ಗ್ರಾಂಟ್ ರೋಡಿನ ಅಂಗಡಿಯ ಕೆಲಸಕ್ಕೆ ಕಪ್ಪು ಚೂಡಿದಾರವನ್ನೇ ಹಾಕುವುದು. ವರ್ಷಗಳಿಂದ ಹೀಗೇ. ಎಲ್ಲ ಹೆಂಗಸರಿಗೂ ಹೀಗೇ ಅಂದುಕೊಂಡಿದ್ದೆ.

ರಕ್ತ ಪರೀಕ್ಷೆ ಆಯಿತು. ತಿಂಗಳು ತಿಂಗಳು ಅಷ್ಟು ರಕ್ತ ಹೋಗಿ ಮೈಯಲ್ಲಿ ಕಬ್ಬಿಣದ ಅಂಶವೇ ಉಳಿದಿಲ್ಲ, ಇರುವಷ್ಟು ಜೀವಕ್ಕೇ ಸಾಲದಿರುವಾಗ ಕೂದಲಿಗೆ ಎಲ್ಲಿಂದ ಬರಬೇಕು ಅಂದರು. ಮಾತ್ರೆ ಕೊಟ್ಟಿದ್ದಾರೆ. ಕೂದಲು ಮತ್ತೆ ಬರುತ್ತದಂತೆ, ನಿಧಾನಕ್ಕೆ.

ಹೊರಗೆ ಬಂದು ಇವರು ಸ್ಟೇಷನ್ನಿಗೆ ಬೇಗ ಬೇಗ ನಡೆದರು. ಪ್ಲಾಟ್‌ಫಾರ್ಮಿನಲ್ಲಿ ನಿಂತು, "ಇಷ್ಟ ವರ್ಷ ಒಂದ ಖೋಲಿ ಮನ್ಯಾಗ ಇದ್ದೀವಿ, ನನಗೊಂದ ಮಾತ ಹೇಳಬಾರದೇನ?" ಅಂದರು. ಕಣ್ಣು ತುಂಬಿತ್ತು. ಅದು ಬಾಯಿಬಿಟ್ಟು ಹೇಳುವ ಮಾತಲ್ಲ ಅಂತಲೇ ಬೆಳೆದವಳು ನಾನು.

ಅವತ್ತಿನಿಂದ ನೀನು ಬಹಳ ನೆನಪಾಗುತ್ತೀ. ರವಿವಾರ ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು ನೆತ್ತಿಗೆ ಎಣ್ಣೆ ತಟ್ಟುತ್ತಿದ್ದೆಯಲ್ಲ, ಎಷ್ಟು ಒತ್ತಿ ತಟ್ಟುತ್ತಿದ್ದೆ! ನಾನು ಮುಟ್ಟಾದಾಗ ಮಾತ್ರ ಮುಟ್ಟುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಗೋಣಿತಟ್ಟಿನ ಮೇಲೆ ನಾನು ಕೂತಿದ್ದರೆ ನೀನು ಬಾಚಣಿಗೆಯನ್ನು ದೂರದಲ್ಲಿಟ್ಟು ಹೋಗುತ್ತಿದ್ದೆ. ನಿನ್ನ ತಪ್ಪು ಹುಡುಕುತ್ತಿಲ್ಲ. ನಿನ್ನ ಅವ್ವನೂ ನಿನಗೆ ಹಾಗೇ ಮಾಡಿರಬೇಕು. ಆದರೆ ಹೊಟ್ಟೆ ಹಿಂಡುತ್ತಿದ್ದ ಆ ದಿನಗಳಲ್ಲೇ ನನಗೆ ನಿನ್ನ ಕೈ ಹೆಚ್ಚು ಬೇಕಿತ್ತು. ಈಗಲೂ ಆ ದಿನಗಳು ಬಂದರೆ ಗೋಡೆಗೆ ಮುಖ ಮಾಡಿ ಮಲಗಿ, ನೀನು ಹಿಂದೆ ಕೂತಿದ್ದೀ ಅಂದುಕೊಳ್ಳುತ್ತೇನೆ.

ವಿಜೇತಾ "ಮಮ್ಮಿ, ತೇಲ್ ಹಚ್ಚಲಾ?" ಅಂತ ಎಣ್ಣೆ ಬಟ್ಟಲು ಹಿಡಿದು ಬರುತ್ತಾಳೆ. ಉದುರೀತು ಅಂತ ಹೆದರಿ ಮೆಲ್ಲಗೆ ಸವರುತ್ತಾಳೆ, ಪಾಪ. ನನಗೆ ಅಳು ಬರುತ್ತದೆ.

ನೀನೇನೂ ಬರುವ ತ್ರಾಸು ತೆಗೆದುಕೊಳ್ಳಬೇಡ. ದೀಪಾವಳಿಗೆ ಆದರೆ ನಾವೇ ಬರುತ್ತೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಡಿಲಿಗೆ ಹಂಬಲಿಸುವ ಮಗಳು,
ಶಿವಕುಮಾರಿ

ತಾ.ಕ.: ಇಲ್ಲಿಯವರೆಗಿನದನ್ನು ಇವರಿಗೆ ಓದಿ ಹೇಳಿದೆ. ಅವ್ವನಿಗೆ ಗಾಬರಿ ಮಾಡಬೇಡ ಅಂದಿದ್ದರು, ಅದಕ್ಕೇ ಒಂದು ಮಾತು ಬಿಟ್ಟಿದ್ದೆ. ಈಗ ಇವರು ಹಾಲು ತರಲು ಹೋಗಿದ್ದಾರೆ. ಆಮೇಲೆ ಹೊಟ್ಟೆಯ ಸ್ಕ್ಯಾನ್ ಮಾಡಿ ನೋಡಿದರು; ನನ್ನ ಗರ್ಭಕೋಶದಲ್ಲಿ ಗಡ್ಡೆಗಳಿವೆ, ಅಷ್ಟು ರಕ್ತ ಹೋಗುತ್ತಿದ್ದದ್ದು ಅದಕ್ಕೇ. ಮೊದಲು ರಕ್ತ ಏರಿಸಿ, ಬರುವ ತಿಂಗಳು ಇಲ್ಲೇ ಪರೇಲ್‌ನ ಆಸ್ಪತ್ರೆಯಲ್ಲಿ ಗರ್ಭಕೋಶವನ್ನೇ ತೆಗೆಯುತ್ತಾರೆ. ಜೀವಕ್ಕೆ ಅಪಾಯವಿಲ್ಲ ಅಂದಿದ್ದಾರೆ, ಆದರೂ ನನಗೆ ಹೆದರಿಕೆ. ಬರಬೇಡ ಅಂತ ಬರೆದದ್ದು ಸುಳ್ಳು. ಬಾ, ಅವ್ವ. ಅಣ್ಣ ರೈಲು ಹತ್ತಿಸಲಿ. ದಾದರ್ ಸ್ಟೇಷನ್ನಿಗೆ ನಾನೇ ಬಂದು ನಿಂತಿರುತ್ತೇನೆ, ತಲೆಯ ಮೇಲೆ ಸೆರಗು ಹೊದೆಯದೆ.