ಮಾಹಿತಿದಾರೆ ಏಳು

ಚಂದಾಪುರ
೧೮ ಫೆಬ್ರವರಿ ೨೦೨೫

ಅಣ್ಣಾ,

ಹೇಗಿದ್ದೀಯ? ಹಾಸ್ಟೆಲ್ಲಿನ ಊಟಕ್ಕೆ ಹೊಟ್ಟೆ ಕೆಡುತ್ತದೆ ಎಂದಿದ್ದೆ, ಈಗ ಸರಿಹೋಗಿರಬೇಕು. ಪ್ರೀತಿಯ ಅಣ್ಣ ಎಂದು ಬರೆಯಲು ಹೋದೆ, ಮನಸ್ಸು ಒಪ್ಪಲಿಲ್ಲ. ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ತಿಂಗಳ ಕೊನೆಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಗಡಿಬಿಡಿಯಂತೆ. ಕಾಗದವನ್ನಾದರೂ ಓದುತ್ತೀಯೆಂದು ನಂಬಿದ್ದೇನೆ, ಓದುವುದೇ ನಿನ್ನ ಕೆಲಸ ತಾನೇ.

ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಲೇಖನ ಮಾಡಿ, ಮೇಲೆ ನಿನ್ನ ಫೋಟೋ ಹಾಕಿಸಿ ಪತ್ರಿಕೆಗೆ ಕೊಟ್ಟೆಯಲ್ಲ, ಅದು ಅವ್ವನ ಕಾರ್ಖಾನೆಯ ವಾಟ್ಸಾಪ್ ಗುಂಪಿಗೆ ಬಂತು. ಅವ್ವನ ಹೆಸರು ಮುಚ್ಚಿಟ್ಟು ‘ಮಾಹಿತಿದಾರೆ ಏಳು’ ಎಂದು ಬರೆದೆ. ಪಕ್ಕದಲ್ಲೇ, ಇಂಡಿ ಕಡೆಯ ವಿಧವೆ, ಜಿಗಣಿಯಲ್ಲಿ ಮಾತ್ರೆ ಪ್ಯಾಕಿಂಗ್ ಕೆಲಸ, ಎಡಗೈಯ ಕಿರುಬೆರಳು ಅರ್ಧ ಇಲ್ಲ ಎಂದೂ ಬರೆದೆ. ಅಂಥವರು ಅಲ್ಲಿ ಎಷ್ಟು ಜನ ಇದ್ದಾರೆ ಜಾಣಾ? ಅದರ ಬದಲು ಆಧಾರ್ ನಂಬರನ್ನೇ ಹಾಕಬಹುದಿತ್ತು.

ದಸರೆಗೆ ಬಂದಾಗ ಅವ್ವ ಶೇಂಗಾ ಹೋಳಿಗೆ ಲಟ್ಟಿಸುತ್ತ ಮಗನೊಂದಿಗೆ ಮನಸ್ಸು ಬಿಚ್ಚಿ ಮಾತಾಡಿದಳು. ನೀನು ನಾಲ್ಕು ಹೋಳಿಗೆ ತಿಂದು, ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆರು ಹೆಂಗಸರ ತಮ್ಮ ಪ್ಯಾಕಿಂಗ್ ಸಾಲಿನಲ್ಲಿ ಮುಟ್ಟಿನ ಹೊಟ್ಟೆನೋವು ಬಂದವಳು ರಟ್ಟಿನ ಪೆಟ್ಟಿಗೆಗಳ ಹಿಂದೆ ಹತ್ತು ನಿಮಿಷ ಮಲಗುತ್ತಾಳೆ, ಉಳಿದ ಐವರು ಕೈ ಜೋರು ಮಾಡಿ ಅವಳ ಪಾಲಿನ ಕೆಲಸವನ್ನೂ ಮುಗಿಸುತ್ತಾರೆ ಎಂದು ಹೇಳಿದ್ದಳು. ಆರು ವರ್ಷದಿಂದ ಯಾರಿಗೂ ಬಿಟ್ಟುಕೊಡದ ಗುಟ್ಟು ಅದು. ನೀನು ಅದಕ್ಕೆ ‘ಮೌನ ಪ್ರತಿರೋಧ’ ಎಂದು ಹೆಸರಿಟ್ಟೆ.

ಲೇಖನ ಗುಂಪಿಗೆ ಬಂದ ಮರುದಿನವೇ ಸೂಪರ್‌ವೈಸರ್ ಲೋಕೇಶ್ ಪೆಟ್ಟಿಗೆಗಳನ್ನೆಲ್ಲ ತೆಗೆಸಿ ಅಲ್ಲೊಂದು ಕ್ಯಾಮೆರಾ ಹಾಕಿಸಿದ. ಅವ್ವನನ್ನು ಕರೆದು, “ನಿಮ್ ಮಗ ಚೆನ್ನಾಗ್ ಬರೆದವ್ನೆ ಕಣಮ್ಮ, ನಮ್ಗೆ ಈ ವಿಷ್ಯಾನೇ ಗೊತ್ತಿರ್ಲಿಲ್ಲ” ಎಂದನಂತೆ. ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೇ ವಾಸಿಯಿತ್ತು. ಈಗ ಆ ಐವರೂ ಅವ್ವನ ಜೊತೆ ಊಟಕ್ಕೆ ಕೂರುವುದಿಲ್ಲ. ಅವರಲ್ಲೊಬ್ಬಳು, ಊರಿನಿಂದ ನಮ್ಮೊಟ್ಟಿಗೇ ಬಂದ ಮರೆವ್ವ, ಬಾಗಿಲಲ್ಲೇ ನಿಂತು, “ನಿನ್ನ ಮಗ ಡಾಕ್ಟರ್ ಆಗಾಕ ನಮ್ಮ ಹೊಟ್ಟಿ ನೋವ ಬೇಕಾಗಿತ್ತೇನ ಬಸಕ್ಕ?” ಎಂದು ಕೇಳಿ ಹೋದಳು. ಅವ್ವನ ಊಟದ ಡಬ್ಬಿ ದಿನಾ ತುಂಬಿದ ಹಾಗೆಯೇ ವಾಪಸ್ ಬರುತ್ತಿದೆ.

ನಿನ್ನನ್ನು ನೆನೆದರೆ ನನಗೆ ಅಸಹ್ಯವಾಗುತ್ತದೆ. ಈ ಮಾತನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ಅವ್ವ ಆಶೀರ್ವಾದ ಕಳಿಸಿಲ್ಲ. ನನ್ನ ನಮಸ್ಕಾರ ನಿನ್ನ ವಯಸ್ಸಿಗೆ ಮಾತ್ರ.

ಮಹಾನಂದಾ

ಮರೆತಿದ್ದೆ: ಹೊರಡುವಾಗ ಅವ್ವನಿಂದ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದ ಪ್ರತಿಯೊಂದನ್ನು ಇಲ್ಲೇ ಬಿಟ್ಟು ಹೋಗಿದ್ದೀಯ. ಮಾಹಿತಿದಾರರು ಯಾವಾಗ ಬೇಕಾದರೂ ತಮ್ಮ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂದು ಅದರಲ್ಲಿದೆ. ಭಾನುವಾರ ಅವ್ವನಿಗೆ ಓದಿ ಹೇಳಿದೆ. “ಹಂಗಾದ್ರ ಬರಿ, ಸಹಿ ಮಾಡ್ತೀನಿ” ಎಂದಳು. ಒಪ್ಪಿಗೆ ಹಿಂದಕ್ಕೆ ಪಡೆದ ಆ ಪತ್ರವನ್ನು ಇವತ್ತು ಬೆಳಿಗ್ಗೆ ನಿನ್ನ ಗೈಡಿಗೂ ವಿಶ್ವವಿದ್ಯಾಲಯಕ್ಕೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಿನ್ನ ಪ್ರಬಂಧದಲ್ಲಿ ಇನ್ನು ನಾಲ್ಕನೆಯ ಅಧ್ಯಾಯ ಇರುವಂತಿಲ್ಲ.