ಆರು ಮೆಮೊ ಕೊಟ್ಟವರು ಏಳನೆಯದನ್ನೂ ಕೊಡಲಿ

ಮೆಮೊ ಬರೆಯುವ ಮಾನ್ಯ ಸಾಹೇಬರೇ,

ಕಚೇರಿಯಲ್ಲಿ ಹಗಲು ನಿದ್ದೆ ಮಾಡಿದ್ದಕ್ಕೆ ನಿಮ್ಮ ಸರ್ವೇಯರರಿಗೆ, ಅಂದರೆ ನನ್ನ ಯಜಮಾನರಿಗೆ, ನಾಲ್ಕು ವರ್ಷದಲ್ಲಿ ಆರು ಮೆಮೊ ಕೊಟ್ಟಿದ್ದೀರಿ. ಆರರಲ್ಲೂ ‘ಕಾರಣ ತಿಳಿಸತಕ್ಕದ್ದು’ ಎಂದು ಕೇಳಿದಿರಿ. ಕಾರಣ ತಿಳಿಸಿದಾಗ ನಕ್ಕಿರಿ. ನನ್ನ ದೂರು ಇದೇ. ಗಂಡನ ಹೆಸರು ಹೇಳಬಾರದೆಂದು ಅತ್ತೆ ಗೌರಾಬಾಯಿಯವರ ಅಪ್ಪಣೆ. ಹೇಳುವ ಅಗತ್ಯವಾದರೂ ಏನು? ಊಟದ ನಂತರ ನಿಮ್ಮಲ್ಲಿ ಕಣ್ಣು ಮುಚ್ಚುವವರು ಐದಾರು ಮಂದಿ. ಗೊರಕೆ ಹೊಡೆದು ಸಿಕ್ಕಿಬೀಳುವವರು ಇವರೊಬ್ಬರೇ!

ನಮ್ಮ ಮದುವೆಯಾಗಿ ನಾಲ್ಕೇ ತಿಂಗಳು. ಎಂಥ ಚೆಂದದ ಗಂಡ ಗೊತ್ತೇ, ಸಾಹೇಬರೇ! ಆದರೆ ಗೊರಕೆಯ ನಡುವೆ ಅವರ ಉಸಿರೇ ನಿಂತುಬಿಡುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ನಾನು ವನ್, ಟೂ ಎಂದು ಎಣಿಸುತ್ತ ಕೂತರೆ, ಟ್ವೆಂಟಿ ದಾಟಿದ ಮೇಲೆ ಬೆಚ್ಚಿ ಉಸಿರೆಳೆಯುತ್ತಿದ್ದರು.

“ಹೆದರಬ್ಯಾಡ ಬೇ, ಗೊರಕಿ ಹೊಡಿಯೋ ಗಂಡಸಿದ್ದ ಮನೀಗಿ ಕಳ್ಳ ಬರಂಗಿಲ್ಲ” ಎಂದರು ಅತ್ತೆ.

“ಕಳ್ಳ ಬರಂಗಿಲ್ಲ ಖರೇರಿ ಅತ್ತಿ, ಆದ್ರ ಉಸುರೇ ನಿಂದ್ರಾಕತ್ತದಲ್ರಿ!”

ಯಜಮಾನರನ್ನು ಹೈದರಾಬಾದಿಗೆ ಎಳೆದೊಯ್ದೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಹಗಲಿನ ತೂಕಡಿಕೆಗೆ ಅದೇ ಮೂಲ ಎಂದರು ಡಾಕ್ಟರು. ಇಷ್ಟು ವರ್ಷ ಏಕೆ ತಡಮಾಡಿದಿರಿ ಎಂದೂ ಕೇಳಿದರು. ಮೂಗಿಗೆ ಮಾಸ್ಕು ಕಟ್ಟಿ ಗಾಳಿ ಊದುವ ಮಷೀನು ಬರೆದುಕೊಟ್ಟರು; ಒಂದು ರಾತ್ರಿಯೂ ತಪ್ಪಿಸಬಾರದು. ಅತ್ತೆ ಮಷೀನಿಗೆ ವಿಭೂತಿ ಹಚ್ಚಿದರು. ಹದಿನೈದು ದಿನಕ್ಕೆ ನಮ್ಮವರು ಹಗಲೆಲ್ಲ ಹಾಡು ಗುನುಗತೊಡಗಿದರು!

ಆಮೇಲೆ ನಿಮ್ಮ ಅಫಜಲಪುರದ ಕ್ಯಾಂಪು ಬಂತು. ಕಚೇರಿಯಂಗಳದಲ್ಲಿ ಸ್ಕೂಟರಿಗೆ ಮಷೀನು ಕಟ್ಟುತ್ತಿದ್ದ ನಮ್ಮವರು ಡಾಕ್ಟರು ಹೇಳಿದ ಕಾರಣ ತಿಳಿಸಿದರೆ ನೀವು, “ನಿದ್ದಿಗೂ ಮಷೀನ್ ಬೇಕಾತೇನು? ನಾಳಿ ಉಣ್ಣಾಕೂ ಒಂದು ತರ್ತೀಯೇನು?” ಎಂದಿರಂತೆ. ಎಲ್ಲರೂ ನಕ್ಕರಂತೆ. ಮಷೀನು ಮನೆಗೆ ಮರಳಿತು. ಕ್ಯಾಂಪಿಗೆ ಹತ್ತಿರದ ಗಾಣಗಾಪುರದ ಲಾಡ್ಜಿನಲ್ಲಿ ನಾಲ್ಕು ರಾತ್ರಿ ಮಷೀನಿಲ್ಲದೆ ಹಾಗೇ ಮಲಗಿದರು. ಐದನೆಯ ದಿನ ಊರಿಗೆ ಬರುವಾಗ ತೂಕಡಿಸಿ, ಸ್ಕೂಟರು ಸಮೇತ ತೊಗರಿ ಹೊಲಕ್ಕೆ ನುಗ್ಗಿದರು.

ಹೊಲದ ಒಡೆಯ ಮಲಂಗಸಾಬರು ಎಬ್ಬಿಸಿ ಕೂರಿಸಿ, “ಏನ್ರೀ ಸರ್ವೇಯರ್ ಸಾಹೇಬ್ರ, ಹೊಲ ಅಳಿಯಾಕ ಸರಪಳಿ ಬಿಟ್ಟು ಸ್ಕೂಟರ್ ತಂದೀರೇನ್ರಿ?” ಎಂದರಂತೆ. ಮೊಣಕಾಲಿಗೆ ಅರಿಸಿನ ಹಚ್ಚುತ್ತ ನಾನೂ ನಕ್ಕೆ. ತೊಗರಿಯ ಬದಲು ಲಾರಿ ಇದ್ದಿದ್ದರೆ ಎಂದು ಹೊಳೆದದ್ದೇ ಕೈ ನಿಂತಿತು.

ಸೋಮವಾರ ಜೇವರ್ಗಿಯ ಕ್ಯಾಂಪು. ಆ ರಸ್ತೆಯಲ್ಲಿ ಲಾರಿಗಳೇ ಹೆಚ್ಚು. ರಜೆ ಕೇಳುತ್ತಿಲ್ಲ, ಕನಿಕರವೂ ಬೇಡ. ಏಳನೆಯ ಮೆಮೊ ಕೊಡಿ: ‘ಸದರಿ ನೌಕರರು ಕ್ಯಾಂಪಿನಲ್ಲೂ ಪ್ರತಿ ರಾತ್ರಿ ಮಷೀನು ಧರಿಸಿಯೇ ಮಲಗತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ.’ ನನ್ನ ಕಣ್ಣೀರಿಗೆ “ಇವತ್ತೊಂದಿನ ಬಿಡು” ಎನ್ನುವ ಮನುಷ್ಯ ನಿಮ್ಮ ಸಹಿ ಕಂಡರೆ ಎದ್ದು ನಿಲ್ಲುತ್ತಾರೆ. ಸಹಿ ಹಾಕುವಾಗ ಮಾತ್ರ ದಯವಿಟ್ಟು ನಗಬೇಡಿ.

ಇಂತಿ,
ಟ್ವೆಂಟಿಯ ಆಚೆ ಎಣಿಸುವ ಧೈರ್ಯವಿಲ್ಲದ
ಸರ್ವೇಯರರ ಹೊಸ ಹೆಂಡತಿ
ಆಳಂದ, ಡಿಸೆಂಬರ್ ೧೯೯೬